ಪಾಂಟಿಯಾಕ್‌ಗೆ ಮೂರನೇ ಪೆಡಲ್

ಟೊಲೆಡೊ, ಭಾನುವಾರ

ಪ್ರೀತಿಯ ವರ್ನನ್,

ನಿನ್ನ ಗೆಳೆಯ ರಾಯ್ಸ್ ಆಸ್ಪತ್ರೆಗೆ ಬಂದು ಚಾಡಿ ಹೇಳಿದನಂತೆ. ಹೌದು, ನಿನ್ನ ಪಾಂಟಿಯಾಕ್ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ, ಕೈಯಲ್ಲಿ ಗೇರ್ ಹಾಕುವಂಥದ್ದನ್ನು ಕೂರಿಸಿದ್ದೇನೆ. ಗೇರ್ ಕೋಲು ಮೇಲೆ ಬರಲಿ ಅಂತ ನೆಲದ ತಗಡನ್ನೂ ಕತ್ತರಿಸಿದೆ. "ಒಂದು ಬೋಲ್ಟೂ ಬದಲಾಯಿಸದೆ ಕಾಪಾಡಿದ ಗಾಡಿ ಕಣಮ್ಮ, ಅವನು ನಿನ್ನ ಸುಮ್ನೆ ಬಿಡಲ್ಲ" ಅಂತ ರಾಯ್ಸ್ ಗೋಳಾಡಿದ. ಬಿಡೋದು ಬೇಡ, ಎದ್ದು ಬರಲಿ ಅಂದೆ.

ತಪ್ಪು ನಿನ್ನದೇ. ಲಕ್ವ ಹೊಡೆದ ಎಡಗಾಲಿಗೆ ವ್ಯಾಯಾಮ ಮಾಡಿಸಲು ಬಂದ ನರ್ಸ್‌ಗೆ, "ನನ್ನ ಗಾಡಿ ಓಡಿಸೋಕೆ ಬಲಗಾಲೊಂದೇ ಸಾಕು, ಹೋಗಮ್ಮ" ಅಂದೆಯಲ್ಲ? ಇನ್ನು ಸಾಲದು. ಕ್ಲಚ್ ತುಳಿಯಲು ಎಡಗಾಲೇ ಬೇಕು. ತುಂಬಾ ಬಿಗಿಯಾಗಿದೆ, ಸಡಿಲ ಮಾಡಲಾ ಅಂತ, ಗೊಣಗುತ್ತಲೇ ಕೆಲಸಕ್ಕೆ ಕೈಜೋಡಿಸಿದ್ದ ರಾಯ್ಸ್ ಕೇಳಿದ. ಬೇಡ ಅಂದೆ.

ಹಳೆಯ ಗೇರ್‌ಬಾಕ್ಸ್ ಮಾರಿಯಾಯಿತು, ಹುಡುಕಬೇಡ. ಕ್ಲಚ್‌ಗೆ ಜಾಗ ಮಾಡಲು ಬಿಚ್ಚಿದ ಅಗಲದ ಬ್ರೇಕ್ ಪೆಡಲ್ ಕಳಿಸಿದ್ದೇನೆ. ಮಂಚದ ಕಾಲ್ದೆಸೆಗೆ ಕಟ್ಟಿಸಿಕೊಂಡು ದಿನಾ ತುಳಿ.

ಬೆಳಿಗ್ಗೆ ನರ್ಸ್ ಫೋನ್ ಮಾಡಿದ್ದಳು. ಸುದ್ದಿ ಕೇಳಿದ ಸಿಟ್ಟಿಗೆ ಊಟದ ತಟ್ಟೆಯನ್ನು ಒದ್ದು ಬೀಳಿಸಿದೆಯಂತೆ. ಯಾವ ಕಾಲಲ್ಲಿ ಅಂತ ಕೇಳಿದೆ.

ಎಡಗಾಲಲ್ಲಿ ಅಂದಳು.

ಪೆಡಲ್ ಜೊತೆ ಗಾಡಿಯ ಕೀಲಿಯನ್ನೂ ಇಟ್ಟಿದ್ದೇನೆ.

ಬೈಸಿಕೊಳ್ಳಲು ಕಾದಿರುವ,
ನಿನ್ನ ಆರ್ಲೀನ್