ಕೆಂಗೇರಿ ಮನೆಯ ಮೆಟ್ಟಿಲು

೩ ಫೆಬ್ರವರಿ ೧೯೫೭, ಭಾನುವಾರ

ಎಂದಿನಂತೆ ಗಿಡಕ್ಕೆ ನೀರು ಹಾಕಿ, ಕಾಫಿ ಕುಡಿದು, ಮೆಟ್ಟಿಲ ಮೇಲೆ ಕೂತೆ. ನಿನ್ನೆಯ ಗಾಬರಿ ಇನ್ನೂ ಇಳಿದಿಲ್ಲ. ಕೆಂಗೇರಿಯವರು ಮಗಳು ಜಯದೇವಿಯನ್ನು ನೋಡಿಕೊಂಡು ಹೋದರು. ಹುಡುಗ ನಾಗರಾಜು, ಮಿಡ್ಲ್ ಸ್ಕೂಲ್ ಮೇಷ್ಟ್ರು. ಒಳ್ಳೆಯವನ ಹಾಗೆ ಕಾಣುತ್ತಾನೆ. ಎಲ್ಲರನ್ನೂ ಬೇಕೆಂದೇ ಮಹಡಿ ರೂಮಿನಲ್ಲಿ ಕೂರಿಸಿದ್ದೆ. ಮಗಳ ಕಾಲಿನ ಸುದ್ದಿ ಯಾರಾದರೂ ಊದಿದ್ದರೆ, ಕಣ್ಣಾರೆ ನೋಡಿ ಸುಳ್ಳು ಅಂದುಕೊಳ್ಳಲಿ ಎಂದು. ಅವಳು ಕಾಫಿ ತಟ್ಟೆ ಹಿಡಿದು ಹತ್ತಿ ಬಂದಳು — ಸಲೀಸಾಗಿ!

ಒಂಬತ್ತನೇ ವಯಸ್ಸಿನಲ್ಲಿ ಸೀಬೆ ಮರದಿಂದ ಬಿದ್ದಾಗಿನಿಂದ ಅವಳ ಎಡ ಮೊಣಕಾಲು ಪೂರ್ತಿ ಮಡಿಸಲು ಬರುವುದಿಲ್ಲ. ಸಮನೆಲದಲ್ಲಿ ತಿಳಿಯದು. ಎತ್ತರದ ಮೆಟ್ಟಿಲಾದರೆ ಒಂದು ಕಾಲಿಟ್ಟು ಇನ್ನೊಂದನ್ನು ಎಳೆದುಕೊಳ್ಳಬೇಕು. ಊರಿನ ಕಟ್ಟಡ ನಿಯಮದ ಪ್ರಕಾರ ಮೆಟ್ಟಿಲಿನ ಎತ್ತರ ಏಳೂವರೆ ಇಂಚು ಮೀರಬಾರದು, ಕಾಲಿಡುವ ಅಗಲ ಒಂಬತ್ತಕ್ಕೆ ಕಮ್ಮಿಯಾಗಬಾರದು. ಡ್ರಾಫ್ಟ್ಸ್‌ಮನ್ ಆಗಿ ದಿನಾ ಬೇರೆಯವರ ಪ್ಲಾನಿನಲ್ಲಿ ನೋಡುವುದು ಅದನ್ನೇ. ನನ್ನ ಮನೆಗೆ ಮಾತ್ರ ಎತ್ತರ ಐದೂವರೆ, ಅಗಲ ಹದಿಮೂರು. ಮೆಟ್ಟಿಲು ತಗ್ಗಾದಷ್ಟೂ ಜಾಗ ತಿನ್ನುತ್ತದೆ. ಅಡಿಗೆಮನೆ ಕಿರಿದಾಯಿತೆಂದು ಹೆಂಡತಿ ಯಶೋದ ಇವತ್ತಿಗೂ ಬೈಯುತ್ತಾಳೆ. ಬೈಯಲಿ.

೫ ಫೆಬ್ರವರಿ

ಹುಡುಗಿ ಒಪ್ಪಿಗೆಯಂತೆ. ಭಾನುವಾರ ನಾವು ಅವರ ಮನೆ ನೋಡಲು ಹೋಗಬೇಕು. ಸಂತೋಷಪಡಬೇಕಾದ ಹೊತ್ತು. ಅವರ ಮನೆಗೆ ಮಾಳಿಗೆ ಇದೆಯಂತೆ. ಆ ಮಾತು ಕೇಳಿದ ಮೇಲೆ ಊಟ ಸೇರಲಿಲ್ಲ.

೧೦ ಫೆಬ್ರವರಿ, ಸಂಜೆ

ಯಶೋದ, ನಾನು ಹೋಗಿ ಬಂದೆವು. ಹುಡುಗನ ತಂದೆ ದೊಡ್ಡಹನುಮಯ್ಯ ಗಟ್ಟಿ ಕುಳ. ತಾಯಿ ಬೋರಮ್ಮನಿಗೆ ಹೆಚ್ಚು ಮಾತಿಲ್ಲ. ಎಲ್ಲ ಚೆನ್ನ. ಆದರೆ ಹಜಾರದ ಮೂಲೆಯಲ್ಲಿ ಆ ಕಲ್ಲು ಮೆಟ್ಟಿಲು! ಟವೆಲ್ ಬಿತ್ತೆಂದು ನಟಿಸಿ, ಬಗ್ಗಿ ಗೇಣು ಹಾಕಿದೆ. ಗೇಣು ದಾಟಿ ಮೇಲೆ ಎರಡು ಬೆರಳು. ಹತ್ತು ಇಂಚಿಗೆ ಕಮ್ಮಿಯಿಲ್ಲ. ಅಗಲ ಅರ್ಧ ಪಾದ. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹಿಡಿದುಕೊಳ್ಳಲೂ ಏನೂ ಇಲ್ಲ. ರಾಗಿ, ಹುಣಸೆ, ಮೆಣಸಿನಕಾಯಿ — ಒಣಹಾಕುವುದೆಲ್ಲ ಮಾಳಿಗೆ ಮೇಲೆ. ಹತ್ತುವವಳು ಸೊಸೆ ತಾನೆ.

ಹಳ್ಳಿಯ ಹಳೆ ಮನೆ, ನಮ್ಮ ನಿಯಮ ಅಲ್ಲಿಗೆ ತಾಗದು. ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕಿತ್ತು. ಬಾಯಿ ಬರಲಿಲ್ಲ. ಹೋದ ವರ್ಷದ ಸಂಬಂಧ ಈ ಕಾಲಿನ ಮಾತಿಗೇ ಮುರಿದದ್ದು. ಹೆದರಿಕೆ...

೧೩ ಫೆಬ್ರವರಿ

ಆಫೀಸಿನಲ್ಲಿ ಯಾರದೋ ಪ್ಲಾನಿಗೆ ಗೋಡೆಯೇ ಇಲ್ಲದ ಕಡೆ ಬಾಗಿಲು ಬರೆದೆ. ಎಲ್ಲರೂ ನಕ್ಕರು. ನಗಲಿ, ಒಂದು ಉಪಾಯ ಹೊಳೆದಿದೆ. ಮದುವೆ ಉಡುಗೊರೆಯೆಂದು ಕೆಂಗೇರಿ ಮನೆಗೆ ನಾನೇ ಹೊಸ ಮೆಟ್ಟಿಲು ಕಟ್ಟಿಸಿಕೊಟ್ಟರೆ?

ಯಶೋದ ಹಣೆ ಚಚ್ಚಿಕೊಂಡಳು. "ಅಳಿಯಂಗೆ ವಾಚ್ ಕೊಡ್ತಾರೆ, ಉಂಗ್ರ ಕೊಡ್ತಾರೆ. ಮೆಟ್ಲು ಕೊಟ್ಟೋರ್ನ ನಾನಂತೂ ಕಾಣೆ ಕಣ್ರೀ!"

೧೭ ಫೆಬ್ರವರಿ

ಕೆಟ್ಟೆ. ಕೆಂಗೇರಿಗೆ ಹೋಗಿ ಬಾಯಿಬಿಟ್ಟೆ. ನಿಜ ಹೇಳಲಿಲ್ಲ. ರೂಲ್ಸು, ರೈಸರು, ಟ್ರೆಡ್ಡು, ಸರ್ಕಾರ ಎಂದೆಲ್ಲ ಒದರಿದೆ. ದೊಡ್ಡಹನುಮಯ್ಯನ ಮುಖ ಕೆಂಪಾಯಿತು.

"ನಮ್ಮಪ್ಪ ಕಟ್ಸಿದ್ ಮೆಟ್ಲು ಕಣ್ರೀ ಕೃಷ್ಣಯ್ಯನೋರೆ. ಇಷ್ಟ್ ವರ್ಸದಿಂದ ಹತ್ತಿ ಇಳೀತಾ ಇದೀವಿ. ಈಗ ಟೌನಿನ್ ಹುಡ್ಗಿ ಬರ್ತಾಳೆ ಅಂತ ಒಡ್ದಾಕ್ಬೇಕಾ?"

ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

೨೬ ಫೆಬ್ರವರಿ

ಸುದ್ದಿಯಿಲ್ಲ. ವೀಳ್ಯಶಾಸ್ತ್ರದ ದಿನ ಹೋದ ವಾರವೇ ತಿಳಿಸಬೇಕಿತ್ತು. ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದರೆ ಎದ್ದು ಬಾಗಿಲಿಗೆ ಹೋಗುತ್ತೇನೆ.

ಜಯದೇವಿ ಅಮ್ಮನ ಬಾಯಿಂದ ಎಲ್ಲ ಹೊರಡಿಸಿದ್ದಾಳೆ. ನೆಟ್ಟಗೆ ಬಂದು ನನ್ನ ಮುಂದೆ ನಿಂತಳು. "ಅಪ್ಪ, ನನ್ ಕಾಲ್ ಬಗ್ಗೆ ನಂಗಿಲ್ದೇ ಇರೋ ನಾಚ್ಕೆ ನಿಂಗ್ಯಾಕೆ? ನೀನು ಹೇಳ್ತೀಯೋ, ನಾನೇ ಹೋಗಿ ಹೇಳ್ಲೋ?"

ನಾಚಿಕೆಯಲ್ಲಮ್ಮ, ಭಯ ಎಂದೆ. ನನಗೆ ಅಳು ಬಂತು.

೩ ಮಾರ್ಚ್, ಭಾನುವಾರ

ಅವಳನ್ನೇ ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆ ಹೊಸಿಲು ತುಳಿಯುವುದುಂಟೇ ಎಂದು ಯಶೋದ ಗೋಳಾಡಿದಳು.

ಅವರು ಕೂರಿ ಅನ್ನುವ ಮೊದಲೇ ಜಯದೇವಿ ಎಲ್ಲ ಹೇಳಿಬಿಟ್ಟಳು. ಹೇಳಿದ್ದಷ್ಟೇ ಅಲ್ಲ, ಎಲ್ಲರೆದುರು ಆ ಮೆಟ್ಟಿಲು ಹತ್ತಲು ಹೊರಟಳು. ಬಲಗಾಲು ಇಡುವುದು, ಎಡಗಾಲು ಎಳೆಯುವುದು. ನಾನು ನೆಲ ನೋಡುತ್ತ ನಿಂತೆ. ಅರ್ಧ ದಾರಿಯಲ್ಲಿ ಗೋಡೆ ಹಿಡಿದು ನಿಂತುಬಿಟ್ಟಳು. ಕಡೆಗೆ ಬಾಯಿಬಿಟ್ಟವರು ಬೋರಮ್ಮ.

"ಅಲ್ಲೇ ನಿಂತ್ಕೊ ಮಗ. ಇಳೀವಾಗ ಕೂತ್ಕೊಂಡು ಇಳಿ. ನಾನೂ ಹಂಗೇ ಇಳಿಯೋದು, ನಮ್ ನಾಗ್ರಾಜು ಹೊಟ್ಟೇಲಿದ್ದಾಗ್ಲಿಂದ. ಮಡ್ಲಲ್ಲಿ ಮೊರ ಇಟ್ಕೊಂಡು, ಕುಂಡಿ ಸವೆಸ್ಕೊಂಡು. ಈ ಮನೇಲಿ ಒಬ್ರಾದ್ರೂ ಯಾಕೆ ಅಂತ ಕೇಳಿದ್ರಾ?"

ದೊಡ್ಡಹನುಮಯ್ಯ ಹೆಂಡತಿಯ ಮುಖ ನೋಡಿದರು. ಕೊಟ್ಟಿಗೆ ಕಡೆ ಹೋದರು. ಎಷ್ಟು ಕಾದರೂ ಬರಲಿಲ್ಲ. ನಾವು ಬಸ್ ಹಿಡಿದೆವು. ಸಂಬಂಧ ಮುರಿದ ಹಾಗೇ.

೮ ಮಾರ್ಚ್

ನಾಗರಾಜು ಸೈಕಲ್ ತುಳಿದುಕೊಂಡು ಬಂದಿದ್ದ. "ಭಾನುವಾರ ಟೇಪ್ ತಗೊಂಡು ಬರ್ಬೇಕಂತೆ ಸಾರ್, ಅಪ್ಪ ಹೇಳಿದ್ರು."

ಮತ್ತೇನು ಹೇಳಿದರು ಎಂದೆ. "ಅಷ್ಟೇ ಹೇಳಿದ್ದು."

ಬೋರಮ್ಮನಿಗಾಗಿ ಮೆಟ್ಟಿಲು ಸರಿಮಾಡಿಸುತ್ತಾರೆ ಎಂದು ಕಾಣುತ್ತದೆ. ಮಾಡಿಸಲಿ, ಪುಣ್ಯ ಬರುತ್ತದೆ. ನನ್ನ ಮಗಳ ಕಥೆ ಏನು? ಹೋಗುವಾಗ ಹುಡುಗ ಅಡಿಗೆಮನೆ ಕಡೆ ಒಂದು ಸಲ ನೋಡಿದ. ಅದಕ್ಕೆ ಏನೆಂದು ಅರ್ಥ ಮಾಡಲಿ?

೧೦ ಮಾರ್ಚ್ — ಕೆಂಗೇರಿಯಿಂದ ಬಂದಕೂಡಲೇ

ಟೇಪಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ದೊಡ್ಡಹನುಮಯ್ಯನ ಕೈಲಿ. ಸಂಬಂಧ ಏನಾಯಿತೆಂದು ಕೇಳುವ ಧೈರ್ಯ ನನಗಿಲ್ಲ. ಎತ್ತರ ಏಳು ಇಂಚಿಟ್ಟರೆ ಮೆಟ್ಟಿಲು ಹಜಾರದ ಅರ್ಧ ಜಾಗಕ್ಕೆ ನಿಲ್ಲುತ್ತದೆ, ನಿಯಮಕ್ಕೆ ಅಷ್ಟು ಸಾಕು ಎಂದೆ. ಇನ್ನೂ ತಗ್ಗಿಸಿದರೆ ಕಿಟಕಿ ಪಕ್ಕದ ಮಂಚದ ಜಾಗ ಹೋಗುತ್ತದೆ. ಅವರು ಮಲಗುವ ಮಂಚ. ಅವರ ತಂದೆಯೂ ಅಲ್ಲೇ ಮಲಗುತ್ತಿದ್ದರಂತೆ.

ಅವರು ಟೇಪು ಕೆಳಗಿಟ್ಟರು. ಎದ್ದು, ಮಗನನ್ನೂ ಕರೆಯದೆ, ಮಂಚವನ್ನು ಒಬ್ಬರೇ ದರದರ ಎಳೆದು ಜಗಲಿಗೆ ಹಾಕಿದರು. ವಾಪಸ್ ಬಂದು ಕುಕ್ಕರಗಾಲಲ್ಲಿ ಕೂತು ಮತ್ತೆ ತುದಿ ಹಿಡಿದುಕೊಂಡರು.

"ಎಷ್ಟ್ ತಗ್ಗು ಬೇಕೋ ಅಷ್ಟ್ ಇಡಿ ಬೀಗ್ರೇ."

ನಾನು ಸೀಮೆಸುಣ್ಣ ತೆಗೆದುಕೊಂಡೆ. ಗೋಡೆಗೆ ಮೊದಲ ಗೆರೆ ಹಾಕಬೇಕು. ಎಷ್ಟು ಸಲ ಹಾಕಿದರೂ ಗೆರೆ ನೆಟ್ಟಗೆ ಬರಲಿಲ್ಲ.