ಕೇಬಲ್‌ಗೆ ನಾಟಿದ ಹಾರೆ

ಉಪಕೇಂದ್ರದ ನಿಯಂತ್ರಣ ಕೊಠಡಿ,
ಮಾರ್ಚ್ ೧೪, ಸಂಜೆ

ನನ್ನ ಮುದ್ದಿನ ತಮ್ಮಾ,

ಹೇಗಿದ್ದೀಯೋ? ಹಡಗಿನ ಓಲಾಟಕ್ಕೆ ಹೊಟ್ಟೆ ಈಗಲಾದರೂ ಒಗ್ಗಿತೇ? ಊಟ ಮಾತ್ರ ಬಿಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಇವತ್ತು ಈ ಮಾತು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಆದರೂ ನಿಜ, ಚೆನ್ನಾಗಿದ್ದೇವೆ.

ಮಧ್ಯಾಹ್ನ ಕೊಠಡಿಯಲ್ಲಿ ಬಿಸಿಲು ನೆಲದ ಮೇಲೆ ಮೈಚೆಲ್ಲಿ ಮಲಗಿತ್ತು. ಹೊರಗೆ ಟ್ರಾನ್ಸ್‌ಫಾರ್ಮರ್ ಜೋಗುಳದ ಹಾಗೆ ಗುಂಯ್‌ಗುಡುತ್ತಿತ್ತು. ಇದ್ದಕ್ಕಿದ್ದಂತೆ ಢಣ್ ಎಂದು ಬ್ರೇಕರ್ ಬಿಟ್ಟುಕೊಂಡು ಕರೆಂಟು ಕಡಿಯಿತು. ನಮ್ಮ ಬೀದಿಗೆ ನೆಲದಡಿಯಲ್ಲಿ ಹೋಗುವ ಕೇಬಲ್‌ನದು. ಆ ರಿಲೇ ಡಬ್ಬಿಗೆ ಸೋರಿಕೆ ಹೇಗೆ ಗೊತ್ತಾಗುತ್ತದೆಂದು ನನ್ನ ತಲೆ ತಿನ್ನುತ್ತಿದ್ದೆಯಲ್ಲ, ಇಷ್ಟೇ ಕಣೋ: ಮೂರು ತಂತಿಗಳ ಕರೆಂಟು ಒಂದಕ್ಕೊಂದು ಸರಿದೂಗಬೇಕು. ಎಲ್ಲೋ ಒಂದಿಷ್ಟು ಮಣ್ಣಿಗೆ ಸೋರಿದರೂ ಲೆಕ್ಕ ತಪ್ಪುತ್ತದೆ. ರಿಲೇ ಅದನ್ನು ಹಿಡಿದು, ರೆಪ್ಪೆ ಬಡಿಯುವಷ್ಟರಲ್ಲಿ ಬ್ರೇಕರ್ ಬಿಡಿಸುತ್ತದೆ. ಆಗಲೇ ಅದೇ ಕೇಬಲ್‌ನಿಂದ ಕರೆಂಟು ಪಡೆಯುವ ನೀರಿನ ಪಂಪ್‌ಹೌಸಿನವರ ಫೋನು: "ಒಂದ್ಸಲ ಹಾಕಿ ನೋಡಿ ಮೇಡಂ, ನಿಂತ್ರೂ ನಿಲ್ಬಹುದು." ನನ್ನ ಕೈ ಸ್ವಿಚ್ಚಿನ ಹತ್ತಿರವೇ ಇತ್ತು. "ಮಣ್ಣಿಗೆ ಸೋರಿದೆ ಸಾರ್, ನೋಡದೆ ಹಾಕಲ್ಲ" ಎಂದು ಬೈಸಿಕೊಂಡೆ. ಕೇಬಲ್ ಹಾದಿಯುದ್ದಕ್ಕೂ ನೋಡಿ ಬರಲು ಲೈನ್‌ಮನ್‌ನನ್ನು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನು ಫೋನು ಮಾಡಿದ: "ಅಕ್ಕಾ, ಗಾಬರಿ ಆಗ್ಬೇಡಿ. ನಿಮ್ಮನೆ ಮುಂದೇನೇ. ನಿಮ್ಮಪ್ಪ ಹುಷಾರಾಗಿದ್ದಾರೆ."

ಜೊತೆಗಾರನಿಗೆ ಕೊಠಡಿ ಒಪ್ಪಿಸಿ ಓಡಿದೆ. ಗೇಟಿಗೆ ಕಂಬ ನೆಡಲು ಅಪ್ಪ ಗುಂಡಿ ತೋಡುತ್ತಿದ್ದರಂತೆ. ಕೇಬಲ್ ಮೇಲೆ ಎಚ್ಚರಿಕೆಗೆಂದು ಹಾಸಿದ್ದ ಇಟ್ಟಿಗೆಯನ್ನು ಕಲ್ಲೆಂದುಕೊಂಡು ಒಡೆದೇ ಬಿಟ್ಟಿದ್ದಾರೆ! ಹಾರೆ ಕೇಬಲ್‌ಗೆ ನಾಟಿ ಹಾಗೇ ನಿಂತಿತ್ತು. ಅಪ್ಪ ಮಣ್ಣಿನ ಗುಡ್ಡೆಯ ಮೇಲೆ, ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಕೂತಿದ್ದರು. "ಫಳ್ ಅಂತು ಮಗೂ, ಕೈ ಕೊಡವಿ ಹಿಂದೆ ಬಿದ್ದೆ. ಆಮೇಲೆದ್ದು ಎರಡೂ ಕೈಲಿ ಹಿಡ್ದು ಕೀಳೋಕ್ ನೋಡ್ದೆ, ಬರ್ಲೇ ಇಲ್ಲ." ಅವರು ಹಾರೆ ಹಿಡಿದು ಕೀಳುತ್ತಿದ್ದ ಹೊತ್ತಿಗೇ ಪಂಪ್‌ಹೌಸಿನವರು ನನಗೆ ಹಾಕಿ ನೋಡಿ ಅನ್ನುತ್ತಿದ್ದದ್ದು. ಅವರ ಪಕ್ಕದಲ್ಲೇ ಕುಸಿದು ಕೂತೆ. ಬೀದಿಯ ಫ್ಯಾನು, ಮಿಕ್ಸಿ, ಟೀವಿ ಎಲ್ಲ ಸುಮ್ಮನಾಗಿ ಎಲೆ ಅಲುಗುವುದೂ ಕೇಳುತ್ತಿತ್ತು. ಮೋಡಗಳು ನಿಧಾನಕ್ಕೆ ಸರಿಯುತ್ತಿದ್ದವು. ಅಪ್ಪನ ಕೈ ನನ್ನ ಕೈಯಲ್ಲಿ ಬೆಚ್ಚಗಿತ್ತು.

ಹುಷಾರಾಗಿರು, ಬೆಚ್ಚಗೆ ಹೊದ್ದು ಮಲಗು.

ಇತಿ ನಿನ್ನ ಅಕ್ಕ

ಮರೆತೆ: ನಿನಗೆ ತಿಳಿಸಕೂಡದೆಂದು ಅಪ್ಪನ ಅಪ್ಪಣೆ. ಆದರೆ ಮಣ್ಣಿನ ಮೇಲೆ ಕೂತಿದ್ದಾಗ ಮೆಲ್ಲಗೆ ಕೇಳಿದರು: "ಅವನ ಹಡಗಲ್ಲಿ ಈಗ ಹಗಲೋ, ರಾತ್ರಿನೋ?" ಅಪ್ಪನ ಮೇಲೆ ಮುನಿಸಿಕೊಂಡು ನೀನು ಹೊರಟ ಮೇಲೆ ಅವರು ನಿನ್ನ ಸುದ್ದಿ ಎತ್ತಿದ್ದು ಇದೇ ಮೊದಲು. ತಪ್ಪು ಯಾರದೆಂದು ನೀವಿಬ್ಬರೂ ಆಮೇಲೆ ಜಗಳವಾಡಿ. ಮುಂದಿನ ಬಂದರಿನಿಂದ ಮನೆಗೆ ಫೋನು ಮಾಡು. ನಾನು ಎತ್ತುವುದಿಲ್ಲ, ಅವರೇ ಎತ್ತಲಿ.