ಗುಂಡಿಗೆ ಎದೆಯೊಡ್ಡುವ ಆಟ

ಮುನಿರಾಜಣ್ಣ,

ಶಿವಾಜಿನಗರದ ಟಾಕೀಸಿನಲ್ಲಿ ನಾವಿಬ್ಬರೂ ನೋಡಿದ ಕೌಬಾಯ್ ಸಿನಿಮಾ ನೆನಪಿದೆಯಾ? ಅಣ್ಣನಿಗೆ ಬಂದ ಗುಂಡಿಗೆ ತಮ್ಮ ಎದೆಯೊಡ್ಡುತ್ತಾನಲ್ಲ, ಅದನ್ನೇ ಕೆ.ಆರ್. ಪುರದ ನಮ್ಮ ಕಣದಲ್ಲಿ ಆಡುತ್ತಿದ್ದೆವು. ಸಾಯುವ ಪಾತ್ರ ಯಾವಾಗಲೂ ನನ್ನದೇ.

ಇವತ್ತು ಬೆಳಿಗ್ಗೆ, ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ನಮ್ಮ ಮನೆಯ ಮಚ್ಚು ಹಿಡಿದು, ನಿನ್ನನ್ನು ಕೊಂದು ಜಾಮೀನಿನ ಮೇಲೆ ಬಂದಿರುವ ಪಿಳ್ಳಪ್ಪನ ಅಂಗಳಕ್ಕೆ ನುಗ್ಗಿದೆ. ಮನೆ ಮರ್ಯಾದೆ ಉಳಿಸುತ್ತೇನೆಂದುಕೊಂಡೇ ಬೀಸಿದೆ. ಅವನ ತಮ್ಮ ಅಡ್ಡ ಬಂದ. ಏಟು ಭುಜ ಸೀಳಿತು, ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಅವನು ಕದಲಲಿಲ್ಲ.

"ನಮ್ಮಣ್ಣನ್ನ ಬಿಟ್ಬಿಡು. ಬೇಕಾದ್ರೆ ನನ್ನ ಕಡ್ದಾಕು," ಅಂದ.

ಮಚ್ಚು ಅಲ್ಲೇ ಬಿಸಾಕಿ ಬಂದೆ. ಪೊಲೀಸರು ಬರುವ ಮುಂಚೆ ಇದನ್ನು ಬರೆಯುತ್ತಿದ್ದೇನೆ. ಅವತ್ತು ಪಿಳ್ಳಪ್ಪ ಅಟ್ಟಿಸಿಕೊಂಡು ಬಂದಾಗ ನೀನು ನಮ್ಮ ಬಾಗಿಲು ಬಡಿದೆಯಲ್ಲ, ಒಳಗಿನಿಂದ ಚಿಲಕ ಹಾಕಿದ್ದು ನಾನೇ ಅಣ್ಣ.